ಯೂನಿಯಾ ಸೆಂಗಾ ಹೇಳದೆ ಉಳಿಸಿದ್ದು

ಮಸಾಕಾ
14 ಮಾರ್ಚ್ 1998

ಪ್ರೀತಿಯ ತಮ್ಮ ಮುತ್ಯಾಬಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ನಮ್ಮ ಯೂನಿಯಾ ಸೆಂಗಾ ಹೋಗಿಬಿಟ್ಟಳು. ಮಂಗಳವಾರ ಮಧ್ಯಾಹ್ನ. ಅವತ್ತೇ ನಿನ್ನ ಕಾರ್ಖಾನೆಗೆ ತಂತಿ ಕೊಟ್ಟೆ. ಗುರುವಾರದವರೆಗೂ ಕಾದೆವು, ನೀನು ಬರಲಿಲ್ಲ. ತಂತಿ ತಲುಪಿಲ್ಲ ಎಂದುಕೊಂಡು ಮಣ್ಣು ಮಾಡಿದೆವು.

ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಮುಂದಿನ ತಿಂಗಳು ಮದುವೆಯಾಗಲಿರುವ ಮೂರು ಹುಡುಗಿಯರು ಅವಳ ಅಂಗಳದಲ್ಲಿ ಕೂತಿದ್ದರು, ಗಂಡನ ಮನೆಯ ಪಾಠ ಕೇಳುವುದಕ್ಕೆ. ಸೆಂಗಾ ಕಡಲೆಕಾಯಿ ಸುಲಿಯುತ್ತಾ, ಸೋಮಾರಿ ಗಂಡನೊಬ್ಬನ ಕಥೆ ಹೇಳುತ್ತಿದ್ದಳಂತೆ. ಅರ್ಧ ಹೇಳಿ ತಾನೇ ನಕ್ಕಳು. ತಲೆ ಬಾಗಿಸಿದಳು. ಹುಡುಗಿಯರು ಉಳಿದ ಅರ್ಧಕ್ಕಾಗಿ ಕಾಯುತ್ತಾ ಕೂತೇ ಇದ್ದರು. ಅವರಲ್ಲೊಬ್ಬಳು ನನ್ನ ಕೈ ಹಿಡಿದುಕೊಂಡು, "ನಾವು ನಗ್ತಾನೇ ಇದ್ವಿ ಟೀಚರ್, ನಮಗೆ ಗೊತ್ತಾಗ್ಲೇ ಇಲ್ಲ, ನಗ್ತಾನೇ ಇದ್ವಿ" ಎಂದು ಬಿಕ್ಕಿದಳು. ನನಗಿನ್ನೂ ನಂಬಿಕೆ ಬಂದಿಲ್ಲ. ನಿನ್ನೆ ಶಾಲೆ ಬಿಟ್ಟ ಮೇಲೆ ಕಾಲು ತಾನಾಗಿ ಸೆಂಗಾಳ ಊರು ಕಿತೆಂಗಾದ ದಾರಿ ಹಿಡಿದಿತ್ತು. ಅರ್ಧ ದಾರಿಯಲ್ಲಿ ನಿಂತುಬಿಟ್ಟೆ.

ಅಪ್ಪನ ಅಕ್ಕ ಎಂದು ನಮ್ಮಿಬ್ಬರಿಗೆ ಸೆಂಗಾ ಆದವಳು ಇಡೀ ಊರಿಗೆ ಸೆಂಗಾ ಆಗಿದ್ದಳು. ಎಷ್ಟು ಜನ ಬಂದಿದ್ದರು ಅಂತೀಯಾ! ಬಾಳೆತೋಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಂದೆ ತಾಯಿ ಆ ಹಾಳು ಏಡ್ಸ್ ಕಾಯಿಲೆಗೆ ಹೋದ ಮೇಲೆ ಅವಳು ಸಾಕಿದ ಊರಿನ ತಬ್ಬಲಿಗಳು ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ನಿನಗೆ ನೆನಪಿದೆಯಲ್ಲ, ದಾರಿಯಲ್ಲಿ ಯಾರೇ ಹೋಗಲಿ ಬೇಲಿಯಿಂದ ಕೂಗುತ್ತಿದ್ದದ್ದು: "ಏಯ್, ಎಲ್ಲಿಗೆ ಓಟ? ನಿನ್ನ ನೆರಳಿಗೂ ಹೊಟ್ಟೆ ಹಸಿದಿದೆ ನೋಡು, ಬಾ ಒಳಗೆ!" ಬಿಷಪ್ಪರಿಗೂ ಅದೇ ಕೂಗು, ಕುಡುಕ ಬಡಗಿಗೂ ಅದೇ ಕೂಗು. ಇಬ್ಬರಿಗೂ ಒಂದೇ ಎಲೆಯಲ್ಲಿ ಸುತ್ತಿ ಬೇಯಿಸಿದ ಬಾಳೆಕಾಯಿ.

ಮುತ್ಯಾಬಾ, ಮಣ್ಣು ಮಾಡುವ ಹೊತ್ತಿನಲ್ಲಿ ಒಂದು ಘಟನೆ ನಡೆಯಿತು. ಬರೆಯಲು ಮೂರು ಸಲ ಕೂತೆ, ಕೈ ಬರಲಿಲ್ಲ. ನೀನು ಒಮ್ಮೆ ಬಂದುಹೋಗು.

ನಿನ್ನ ಅಕ್ಕ,
ನಸ್ಸಾಜಿ


ಕಿಸುಮು
2 ಏಪ್ರಿಲ್ 1998

ಅಕ್ಕಾ,

ನಿನಗೆ ಸುಳ್ಳು ಹೇಳಲಾರೆ. ತಂತಿ ಬುಧವಾರ ಬೆಳಿಗ್ಗೆಯೇ ಸಿಕ್ಕಿತ್ತು. ರಜೆ ಕೇಳಿದೆ, ಕೊಟ್ಟರು. ಚೀಲ ಹಿಡಿದು ಬಸ್ ನಿಲ್ದಾಣಕ್ಕೂ ಹೋದೆ. ಕಂಪಾಲಾ ಬಸ್ ಬಂತು, ಜನ ಹತ್ತಿದರು, ಹೊರಟುಹೋಯಿತು. ನಾನು ಬೆಂಚಿನ ಮೇಲೆಯೇ ಇದ್ದೆ. ನನ್ನ ಹೆಂಡತಿ ಸಂಜೆ ಬಂದು ಕರೆದುಕೊಂಡು ಹೋದಳು.

ಯಾಕೆ ಎಂದು ಕೇಳಬೇಡ. ಅವಳು ಸಾಯುವವಳಲ್ಲ ಎಂದು ನಾನು ಅಂದುಕೊಂಡಿದ್ದೆ. ಮೂವತ್ತೇಳು ವರ್ಷದವನು, ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುವವನು, ಹೀಗೆ ಅಂದುಕೊಂಡಿದ್ದೆ. ಇಪ್ಪತ್ತು ವರ್ಷದಿಂದ ಎರಡು ತಿಂಗಳಿಗೊಮ್ಮೆ ಅವಳ ಕಾಗದ ಬರುತ್ತಿತ್ತು. ಕೊನೆಗೆ ಯಾವಾಗಲೂ ಒಂದೇ ಮಾತು: "ಒಂದು ಹಗಲಿನ ದಾರಿ. ಬಾ." ಜನವರಿಯದಕ್ಕೆ ನಾನಿನ್ನೂ ಉತ್ತರ ಬರೆದಿರಲಿಲ್ಲ.

ಮಣ್ಣು ಮಾಡುವಾಗ ಏನಾಯಿತು? ಅರ್ಧಕ್ಕೆ ಬಿಡಬೇಡ. ಬರೆ.

ಮುತ್ಯಾಬಾ


ಮಸಾಕಾ
19 ಏಪ್ರಿಲ್ 1998

ತಮ್ಮಾ,

ನಿಲ್ದಾಣದವರೆಗೆ ಬಂದು ಹಿಂತಿರುಗಿದ್ದು ಓದಿ ಸಿಟ್ಟು ಬಂತು. ಆಮೇಲೆ ಅಳು ಬಂತು. ಇರಲಿ. ನೀನು ಕೇಳಿದ್ದಕ್ಕೆ ಬರೆಯುತ್ತೇನೆ.

ಸೆಂಗಾಳ ತೋಟದ ಕೊನೆಯ ಗುಡಿಸಲಿನಲ್ಲಿರುವ ಎರಿಯಾ ನಿನಗೆ ಗೊತ್ತು. ನಿನ್ನ ಓರಗೆಯ ನಬುನ್ಯಾಳ ತಂದೆ. ನೀನು ಊರು ಬಿಟ್ಟ ಮರುವರ್ಷದಿಂದ ಅವನು ಅಲ್ಲೇ ಇದ್ದಾನೆ. ಕಾಫಿ ಗಿಡ ಸವರುತ್ತಾನೆ, ನೀರು ಹೊರುತ್ತಾನೆ, ಮಾತು ಕಡಿಮೆ. ಸೆಂಗಾ ಅವನನ್ನು ದಯೆಯಿಂದ ಇಟ್ಟುಕೊಂಡಿದ್ದಾಳೆ ಎಂದು ನಾವೆಲ್ಲ ತಿಳಿದಿದ್ದೆವು.

ಗುಂಡಿಯ ಸುತ್ತ ನಿಂತು ಜನ ಒಬ್ಬೊಬ್ಬರಾಗಿ ಅವಳ ಬಗ್ಗೆ ಹೇಳುತ್ತಿದ್ದರು. ಒಬ್ಬಳು, "ನನ್ನ ಅವಳಿಗಳು ಹುಟ್ಟಿದಾಗ ಮೊದ್ಲು ಕೈಗೆ ತಗೊಂಡವಳು ಸೆಂಗಾ" ಎಂದಳು. ಆ ಕುಡುಕ ಬಡಗಿ, "ನಾನು ಕುಡ್ದು ಬಂದ್ರೆ ಮೊದ್ಲು ಊಟ ಹಾಕೋಳು, ಆಮೇಲೆ ಬಯ್ಯೋಳು. ಬೇರೆಯವ್ರೆಲ್ಲ ಬೈದು ಕಳಿಸೋರು" ಎಂದ. ಜನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಅಷ್ಟರಲ್ಲಿ ಎರಿಯಾ ಮುಂದೆ ಬಂದ. ಯಾರದೋ ಕೋಟು ತೊಟ್ಟಿದ್ದ, ತೋಳು ಬೆರಳಿನವರೆಗೆ ಇಳಿದಿತ್ತು.

"ನಿಮ್ಮ ಮಾತು ಕೇಳಿ ಕೇಳಿ ನನಗೆ ಉಸಿರು ಕಟ್ತಾ ಇದೆ" ಎಂದ. "ಇವಳು ಬದುಕಿರೋವರೆಗೆ ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದ್ಲು. ಈಗ ಆಣೆ ಮುಗೀತು. ಇವಳ ತಮ್ಮ ಯೋನಾನ್ನ ಸೈನಿಕರಿಗೆ ಹಿಡಿದುಕೊಟ್ಟವನು ನಾನು. ಅವರು ಹುಡುಕ್ತಿದ್ದ ನಮ್ಮೂರ ಶಾಲೆ ಮೇಷ್ಟ್ರು ಅವನ ಕಾಫಿ ಕೋಣೇಲಿ ಅಡಗಿದಾರೆ ಅಂತ ಹೇಳಿದವನು ನಾನು. ಇವಳಿಗೆ ಗೊತ್ತಿತ್ತು. ಗೊತ್ತಿದ್ದೇ ನನಗೆ ಹತ್ತೊಂಬತ್ತು ವರ್ಷ ಅನ್ನ ಹಾಕಿದ್ಲು."

ಮುತ್ಯಾಬಾ, ಅಷ್ಟು ಜನರೂ ಅವನ ಕಡೆ ತಿರುಗಿದರು. ಒಂದು ಮಗು ಅಳುತ್ತಿತ್ತು, ಅದರ ತಾಯಿ ಬಾಯಿಗೆ ಕೈ ಅಡ್ಡ ಇಟ್ಟಳು. ನನಗೆ ಕಾಲ ಕೆಳಗಿನ ಕೆಂಪು ಮಣ್ಣು ಮಾತ್ರ ಕಾಣುತ್ತಿತ್ತು. ನಮ್ಮ ಅಪ್ಪ. ದೇಹವೂ ಸಿಗದ, ಗೋರಿಯೂ ಇಲ್ಲದ ನಮ್ಮ ಅಪ್ಪ. ಅವನನ್ನು ಹಿಡಿದುಕೊಟ್ಟವನ ಕೈಯಿಂದ ನಾನು ಎಷ್ಟು ಸಲ ನಂಟಿನ ಗುರುತಿಗೆ ಕೊಡುವ ಕಾಫಿ ಬೀಜ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಿದ್ದೇನೆ! ನನ್ನ ಮಗಳು ಅವನನ್ನು ತಾತ ಎನ್ನುತ್ತಾಳೆ.

ಗಂಡಸರಲ್ಲಿ ಇಬ್ಬರು ಅವನ ಕಡೆ ನುಗ್ಗಿದರು. ಪಾದ್ರಿ ಅಡ್ಡ ನಿಂತರು. ಎರಿಯಾ ಓಡಲಿಲ್ಲ, ಗುದ್ದಲಿ ತೆಗೆದುಕೊಂಡು ಮಣ್ಣು ಎಳೆಯತೊಡಗಿದ. ತಡೆಯಲು ಯಾರಿಗೂ ಕೈ ಬರಲಿಲ್ಲ.

ನನಗೆ ಅವನ ಮೇಲಿಗಿಂತ ಸೆಂಗಾಳ ಮೇಲೆ ಸಿಟ್ಟು. ಅವಳನ್ನು ಕೇಳಬೇಕು, ಕೇಳಲು ಅವಳಿಲ್ಲ.

ನಸ್ಸಾಜಿ


ಕಿಸುಮು
6 ಮೇ 1998

ಅಕ್ಕಾ,

ಅವನನ್ನು ಇನ್ನೂ ಆ ಗುಡಿಸಲಿನಲ್ಲಿ ಬಿಟ್ಟಿದ್ದೀಯಾ? ಹೊರಗೆ ಹಾಕು. ಅವನ ಚಾಪೆ, ಮಡಕೆ ಎಲ್ಲ ರಸ್ತೆಗೆ ಎಸೆ. ಅವನು ಮುಟ್ಟಿದ ಗಿಡಗಳನ್ನೂ ಕಡಿಸಿಬಿಡು. ನಾನು ಅಲ್ಲಿದ್ದಿದ್ದರೆ ಪಾದ್ರಿ ಅಡ್ಡ ಬಂದರೂ ನಿಲ್ಲುತ್ತಿರಲಿಲ್ಲ.

ಸೆಂಗಾ ಹೀಗೆ ಹೇಗೆ ಮಾಡಿದಳು? ಅಪ್ಪನ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಕೂಗಿದವಳು ಅವಳೇ ಅಲ್ಲವೇ? ನಾನು ಕಣ್ಣಾರೆ ಕಂಡಿದ್ದೇನೆ. ನೀನು ಆಗ ಟೀಚರ್ ತರಬೇತಿಗೆ ಹೋಗಿದ್ದೆ. ನಾನು ಅಲ್ಲೇ ಇದ್ದೆ.

ಅವನು ಇನ್ನೇನು ಹೇಳಿದ? ಅಷ್ಟೇ ಹೇಳಿದನೇ? ಸರಿಯಾಗಿ ನೆನಪು ಮಾಡಿಕೊಂಡು ಬರೆ, ಅವನು ಇನ್ನೇನಾದರೂ ಹೇಳಿದನೇ?

ಮುತ್ಯಾಬಾ


ಮಸಾಕಾ
30 ಮೇ 1998

ಮುತ್ಯಾಬಾ,

ನೀನು ಹೇಳಿದಂತೆ ಅವನನ್ನು ಹೊರಗೆ ಹಾಕಲೆಂದೇ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಜೋಡಿಸಿಕೊಂಡಿದ್ದೆ.

ಎರಿಯಾ ಗುಡಿಸಲಿನ ಮುಂದೆ ಬುಟ್ಟಿ ಹೆಣೆಯುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ. "ಬಾ ಮಗಳೇ. ಇಷ್ಟು ದಿನಕ್ಕೆ ಬಂದ್ಯಲ್ಲ. ಕತ್ತಿ ತಂದಿದ್ದೀಯಾ?" ಎಂದ.

"ಕನ್ನಡಕ ಬಿಟ್ರೆ ನನ್ನ ಹತ್ರ ಏನೂ ಇಲ್ಲ" ಎಂದೆ. ಹೇಗೆ ಬಂತೋ ಬಾಯಿಗೆ.

"ನಾನು ತಂದಿದ್ದೆ" ಎಂದ. "ಆ ಸೈನಿಕರ ಸರ್ಕಾರ ಬಿದ್ದ ವರ್ಷ, ಸೈನಿಕರೆಲ್ಲ ಓಡಿಹೋದ ಮೇಲೆ, ಕತ್ತಿ ತಗೊಂಡು ನಿನ್ನ ಸೆಂಗಾ ಮುಂದೆ ಬಂದು ಎಲ್ಲಾ ಹೇಳಿ ಅವಳ ಕಾಲ ಹತ್ರ ಇಟ್ಟೆ. ಕತ್ತು ಬಗ್ಗಿಸಿ ಕೂತೆ. ಅವಳು ಒಳಗೆ ಹೋದ್ಲು. ತುಂಬಾ ಹೊತ್ತು ಬರ್ಲೇ ಇಲ್ಲ. ಬಂದೋಳು ಕತ್ತಿ ಎತ್ತಿ ಬೆರಳಲ್ಲಿ ಸವರಿ ನೋಡಿ, 'ಇದು ಮೊಂಡು. ಮಸೆದು ತಾ, ಕಾಫಿ ಗಿಡ ಸವರೋದಿದೆ' ಅಂದ್ಲು. ಆಮೇಲೆ ಒಂದು ವರ್ಷ ಮಾತಾಡ್ಲಿಲ್ಲ. ದಿನಾ ಊಟ ಬರ್ತಿತ್ತು, ಮಾತು ಬರ್ತಿರ್ಲಿಲ್ಲ. ಒಂದಿನ ದೊಡ್ಡ ಮಳೆ. ಬಾಗಿಲಿಗೆ ಬಂದು, 'ಮಾಡು ಸೋರುತ್ತಾ?' ಅಂದ್ಲು. ಅವತ್ತು ಅತ್ತಷ್ಟು ನಾನು ನನ್ನ ಹೆಂಡತಿ ಸತ್ತಾಗ್ಲೂ ಅತ್ತಿಲ್ಲ."

ಯಾಕೆ ಹೇಳಿದೆ ಸೈನಿಕರಿಗೆ, ಎಂದು ಕೇಳಿದೆ. ಸಂತೆಯ ದಾರಿಯಲ್ಲಿ ಅವನನ್ನೂ ನಬುನ್ಯಾಳನ್ನೂ ಲಾರಿಗೆ ಹತ್ತಿಸಿದರಂತೆ. ಅವಳಿಗೆ ಆಗ ಹದಿನೈದು. ಮೇಷ್ಟ್ರು ಎಲ್ಲಿದ್ದಾರೆ ಎಂದು ಕೇಳಿದರಂತೆ. ಒಬ್ಬ ಅವಳ ಜಡೆ ಹಿಡಿದುಕೊಂಡಿದ್ದನಂತೆ. "ಅವನು ಜಡೇನ ಕೈಗೆ ಒಂದು ಸುತ್ತು ಸುತ್ತಿಕೊಂಡ. ಎರಡನೇ ಸುತ್ತಿಗೆ ನಾನು ಹೇಳ್ಬಿಟ್ಟೆ" ಎಂದ. ತಂದೆ ಮಗಳನ್ನು ಕೆಳಗಿಳಿಸಿ, ಲಾರಿ ನೆಟ್ಟಗೆ ನಮ್ಮ ಮನೆಗೆ ಬಂತು.

ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ. ಮೇಷ್ಟ್ರು ನಮ್ಮ ಕಾಫಿ ಕೋಣೆಯಲ್ಲಿದ್ದದ್ದು ಊರಿಗೇ ತಿಳಿಯದ ಸಂಗತಿ. ನಿನಗೆ ಹೇಗೆ ಗೊತ್ತಾಯಿತು?

ಅವನು ಬುಟ್ಟಿಯ ಹೆಣಿಗೆ ಬಿಚ್ಚಿ ಮತ್ತೆ ಹೆಣೆಯತೊಡಗಿದ. ನಾನು ಬಿಡಲಿಲ್ಲ. ಕೊನೆಗೆ ಹೇಳಿದ.

ಅದನ್ನು ನಾನು ಕಾಗದದಲ್ಲಿ ಬರೆಯುವುದಿಲ್ಲ. ಅವನನ್ನು ಹೊರಗೆ ಹಾಕಿಯೂ ಇಲ್ಲ.

ನಸ್ಸಾಜಿ


ಕಿಸುಮು
12 ಜುಲೈ 1998

ಅಕ್ಕಾ,

ನಿನ್ನ ಕಾಗದ ಬಂದು ಐದು ವಾರವಾಯಿತು. ಅಂಗಿಯ ಜೇಬಿನಲ್ಲಿ ಮಡಚಿ ಮಡಚಿ ಹರಿದುಹೋಗಿದೆ. ನೀನು ಬರೆಯದೆ ಬಿಟ್ಟದ್ದು ಏನೆಂದು ನನಗೆ ಗೊತ್ತು. ಇಪ್ಪತ್ತೊಂದು ವರ್ಷದಿಂದ ಗೊತ್ತು. ಮೇಷ್ಟ್ರು ಅಲ್ಲಿರುವುದು ತಿಳಿದಿದ್ದದ್ದು ಮೂವರಿಗೆ: ಅಪ್ಪ, ಸೆಂಗಾ, ನಾನು. ಅಪ್ಪ ಹೇಳಲಿಲ್ಲ. ಸೆಂಗಾ ಹೇಳಲಿಲ್ಲ.

ಹನ್ನೊಂದು ದಿನ ನಾನೇ ಮೇಷ್ಟ್ರಿಗೆ ಊಟ ಕೊಂಡೊಯ್ಯುತ್ತಿದ್ದೆ, ಬುಟ್ಟಿಯ ಮೇಲೆ ಒಣ ಎಲೆ ಮುಚ್ಚಿಕೊಂಡು. ಅವರು ಗೋಣಿಚೀಲಗಳ ಹಿಂದೆ ಕೂತು ನನ್ನ ಲೆಕ್ಕದ ಪುಸ್ತಕ ತಿದ್ದಿಕೊಡುತ್ತಿದ್ದರು. ಒಂಬತ್ತನೆಯ ದಿನ ಬಾವಿಯ ಹತ್ತಿರ ನಬುನ್ಯಾ ಸಿಕ್ಕಳು. ನನಗೆ ಹದಿನಾರು, ಅವಳನ್ನು ಕಂಡರೆ ನಾಲಿಗೆ ಒಣಗುತ್ತಿತ್ತು. ನನ್ನ ಒಡೆದ ದನಿಯನ್ನು ಅಣಕಿಸಿ, "ನಿನ್ನ ಕೈಲಿ ಕೋಳಿ ಕಾಯೋಕೂ ಆಗಲ್ಲ, ನೀನೂ ಒಬ್ಬ ಗಂಡಸಾ?" ಎಂದು ನಕ್ಕಳು. ಸಿಟ್ಟಿನ ನಗುವಲ್ಲ, ತಮಾಷೆಯ ನಗು. ನಾನು, "ನಮ್ಮ ಕಾಫಿ ಕೋಣೇಲಿ ಯಾರಿದಾರೆ, ಅವರಿಗೆ ದಿನಾ ಊಟ ಒಯ್ಯೋನು ಯಾರು ಗೊತ್ತಾ ನಿನಗೆ?" ಎಂದೆ.

ಅಷ್ಟೇ, ಅಕ್ಕಾ. ಇಷ್ಟು ಮಾತಿಗೆ ಇಬ್ಬರು ಹೋದರು.

ಲಾರಿ ಬಂದಾಗ ನಾನು ಸೀಬೆ ಮರದ ಮೇಲಿದ್ದೆ. ಅಪ್ಪ ಒಂದು ಸಲ ಮೇಲೆ ನೋಡಿದ, ತಕ್ಷಣ ಮುಖ ತಿರುಗಿಸಿದ, ಸೈನಿಕರು ನನ್ನ ಕಡೆ ನೋಡಬಾರದೆಂದು. ಸೆಂಗಾ ನನ್ನನ್ನು ಮರದಿಂದ ಇಳಿಸಿ ಎದೆಗೆ ಅಪ್ಪಿಕೊಂಡಳು. ಅವಳ ಎದೆಯ ಬಡಿತ ನನ್ನ ಕಿವಿಯಲ್ಲಿ. ಇವಳಿಗೆ ತಿಳಿದರೆ ನನ್ನನ್ನು ಹೀಗೆ ಹಿಡಿದುಕೊಳ್ಳುತ್ತಾಳೆಯೇ ಎಂದು ಅವತ್ತೇ ಅನ್ನಿಸಿತು. ಮರುವರ್ಷ ಗಡಿ ದಾಟಿದೆ. ಅವಳು ಬಾ ಎಂದಾಗಲೆಲ್ಲ, ಅವಳ ಎದುರು ಕೂತರೆ ನನ್ನ ಮುಖ ಓದಿಬಿಡುತ್ತಾಳೆ ಎಂದು ಹೆದರಿ ಹೋಗಲಿಲ್ಲ.

ಎರಿಯಾನನ್ನು ಹೊರಗೆ ಹಾಕು ಎಂದು ಬರೆದ ಕೈ ನನ್ನದೇ. ಒಂದೇ ಒಂದು ಹೇಳು. ಸೆಂಗಾಗೆ ಇದು ಗೊತ್ತಿತ್ತೇ?

ಮುತ್ಯಾಬಾ


ಮಸಾಕಾ
28 ಜುಲೈ 1998

ಮುತ್ಯಾಬಾ,

ಮೊದಲು ನನ್ನದು ಹೇಳಿಬಿಡುತ್ತೇನೆ. ಎರಿಯಾ ಹೇಳಿದ ದಿನ ನೀನು ಎದುರಿಗೆ ಇದ್ದಿದ್ದರೆ ಹೊಡೆಯುತ್ತಿದ್ದೆ. ಅತ್ತು ಸುಮ್ಮನಾಗುವ ಹೆಂಗಸು ನಾನಲ್ಲ, ನಿನಗೆ ಗೊತ್ತು. ಒಂದು ವಾರ ಶಾಲೆಯಲ್ಲಿ ಹದಿನಾರು ವರ್ಷದ ಹುಡುಗರ ಮುಖ ನೋಡಲಾಗಲಿಲ್ಲ. ಆಮೇಲೆ ನೋಡಿದೆ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ಒಬ್ಬನ ಮೀಸೆ ಮೂಡಿಲ್ಲ, ಒಬ್ಬ ಕಿಟಕಿಯಾಚೆ ಹೋಗುವ ಹುಡುಗಿಗಾಗಿ ಕತ್ತು ಉದ್ದ ಮಾಡಿದ್ದಾನೆ. ಇಷ್ಟು ಚಿಕ್ಕವನಿದ್ದೆಯಾ ನೀನು? ನಾನು ಮರೆತೇಬಿಟ್ಟಿದ್ದೆ.

ಹೌದು. ಅವಳಿಗೆ ಗೊತ್ತಿತ್ತು. ಕತ್ತಿ ಇಟ್ಟ ದಿನವೇ ಅವಳೂ ಕೇಳಿದಳಂತೆ, ನಿನಗೆ ಹೇಗೆ ತಿಳಿಯಿತು ಎಂದು. ಎರಿಯಾ ಇದ್ದದ್ದು ಇದ್ದಂತೆ ಹೇಳಿದನಂತೆ: ನಬುನ್ಯಾ ಮನೆಗೆ ಬಂದು ನಗುತ್ತಾ ತನಗೆ ಹೇಳಿದ್ದು, ಅವಳಿಗೆ ಹೇಳಿದ್ದು ಯೋನಾನ ಮಗ. ಅದನ್ನು ಕೇಳಿಯೇ ಅವಳು ಒಳಗೆ ಹೋಗಿ ತುಂಬಾ ಹೊತ್ತು ಬಾರದಿದ್ದದ್ದು. ಹೊರಗೆ ಬಂದು ಆಣೆ ಹಾಕಿಸಿದ್ದೂ ಅದಕ್ಕೇ. "ನೀನು ನಿನ್ನ ತಪ್ಪು ಊರಿಗೆ ಹೇಳ್ಕೊಂಡ್ರೆ, ನಿನಗೆ ಹೇಳಿದ್ದು ಯಾರು ಅಂತ ಜನ ಕೇಳ್ತಾರೆ. ಆ ಹುಡುಗ ಒಂದು ಹುಡುಗಿ ಮುಂದೆ ಜಂಬ ಕೊಚ್ಚಿಕೊಂಡಿದಾನೆ ಅಷ್ಟೇ. ಊರವರ ಸಿಟ್ಟು ಅವನ ಬಾಗಿಲಿಗೆ ಇನ್ನೊಂದು ಲಾರಿಯಾಗಿ ಬರೋದು ಬೇಡ" ಎಂದಳಂತೆ.

ನಾವೆಲ್ಲ ಅವಳು ಎರಿಯಾನ ಮಾನ ಕಾಯುತ್ತಿದ್ದಳು ಎಂದು ಬೈದುಕೊಂಡೆವು. ಅವಳು ಕಾಯುತ್ತಿದ್ದದ್ದು ನಿನ್ನನ್ನು.

ನಬುನ್ಯಾ ಆರು ವರ್ಷದ ಹಿಂದೆ ಆ ಕಾಯಿಲೆಯಿಂದ ತೀರಿಕೊಂಡಳು, ನಿನಗೆ ಬರೆದಿದ್ದೆ. ಕೊನೆಯ ಎಂಟು ತಿಂಗಳು ಅವಳಿಗೆ ಗಂಜಿ ಕುಡಿಸಿದವಳೂ ಸೆಂಗಾ.

ಆಗಸ್ಟ್ 22ರಂದು ಸೆಂಗಾಳ ಉತ್ತರಕ್ರಿಯೆ. ಅವಳ ವಾರಸುದಾರಳಾಗಿ ನನ್ನನ್ನು ಆರಿಸಿದ್ದಾರೆ. ಮರದ ತೊಗಟೆಯಿಂದ ಮಾಡಿದ ಶಾಸ್ತ್ರದ ಬಟ್ಟೆ ಹೊದಿಸಿ ಅವಳ ಜಾಗದಲ್ಲಿ ನನ್ನನ್ನು ಕೂರಿಸುತ್ತಾರೆ. ಆ ಜಾಗದಲ್ಲಿ ನಾನು ಒಬ್ಬಳೇ ಕೂರಲಾರೆ. ಬಸ್ ಹತ್ತು.

ನಸ್ಸಾಜಿ


ಕಿಸುಮು
10 ಸೆಪ್ಟೆಂಬರ್ 1998

ಅಕ್ಕಾ,

ಕ್ಷೇಮವಾಗಿ ತಲುಪಿದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ಉತ್ತರಕ್ರಿಯೆಯ ದಿನ ನನಗೆ ಏನಾಯಿತೆಂದು ನಿನಗೆ ಕಂಡಿರಲಾರದು. ನಾನು ತಲೆ ಎತ್ತಿರಲೇ ಇಲ್ಲ.

ಬೆಳಿಗ್ಗೆ ಬಾಗಿಲ ಮುಂದೆ ನಿನಗೆ ತೊಗಟೆ ಬಟ್ಟೆ ಹೊದಿಸಿ, ಹಿರಿಯರು ಜನರ ಕಡೆ ತಿರುಗಿ, "ಯೂನಿಯಾ ಸತ್ತಿಲ್ಲ. ಇಲ್ಲಿ ಕೂತಿದ್ದಾಳೆ. ಮಾತಾಡೋದಿದ್ರೆ ಬಂದು ಮಾತಾಡಿ" ಎಂದರಲ್ಲ, ಚಿಕ್ಕವನಿದ್ದಾಗಿನಿಂದ ಆ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಶಾಸ್ತ್ರದ ಮಾತು ಎಂದುಕೊಂಡಿದ್ದೆ. ಆವತ್ತು ಮೈ ಜುಂ ಎಂದಿತು. ಮಾತಾಡುವುದು ಇದ್ದವನು ನಾನೊಬ್ಬನೇ ಎಂಬಂತೆ.

ಹೆಂಗಸರು ಸಾಲಾಗಿ ಬಂದು ಮಂಡಿಯೂರಿ ನಮಸ್ಕರಿಸುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತೆ. ಬಡಗಿ ಹಿಂದಿನಿಂದ, "ಲೋ, ಗಂಡಸರು ಈ ಕಡೆ!" ಎಂದು ಕೂಗಿದ. ನಮ್ಮಲ್ಲಿ ಗಂಡಸು ಹೆಣ್ಣಿನ ಮುಂದೆ ಮಂಡಿಯೂರುವುದಿಲ್ಲ. ನಾನು ಊರಿದೆ. ಹಣೆ ನೆಲಕ್ಕೆ ಮುಟ್ಟಿಸಿ ಎಲ್ಲರಿಗೂ ಕೇಳುವಂತೆ ಹೇಳಿದೆ: "ಸೆಂಗಾ, ನಾನು ಹೇಳ್ಬಿಟ್ಟೆ. ಮೇಷ್ಟ್ರು ಇದಾರೆ ಅಂತ ನಬುನ್ಯಾಗೆ ಹೇಳಿದ್ದು ನಾನು. ಅಪ್ಪ ಹೋಗಿದ್ದು ನನ್ನಿಂದ."

ಹಿಂದೆ ಯಾರೋ "ಅಯ್ಯೋ" ಎಂದರು. ಪಾತ್ರೆಯೊಂದು ಕೈಜಾರಿ ಬಿತ್ತು. ನನ್ನ ಬೆನ್ನಿನ ಮೇಲೆ ಇಡೀ ಊರಿನ ಕಣ್ಣು. ಎಲ್ಲಿಂದಲಾದರೂ ಕಲ್ಲು ಬರುತ್ತದೆಂದು ಕಾದೆ. ಆಗ ನಿನ್ನ ಕೈ ನನ್ನ ತಲೆಯ ಮೇಲೆ ಬಂತು.

"ಇಷ್ಟು ತಡ ಯಾಕೆ ಮಾಡ್ದೆ, ಮಗಾ?" ಎಂದೆ ನೀನು.

ನನಗಿಂತ ಆರೇ ವರ್ಷ ದೊಡ್ಡವಳು. ನೀನು ನನ್ನನ್ನು ಎಂದೂ ಮಗಾ ಎಂದವಳಲ್ಲ, ಹಾಗೆ ಕರೆಯುತ್ತಿದ್ದದ್ದು ಸೆಂಗಾ. ಮೊದಲೇ ಯೋಚಿಸಿಟ್ಟುಕೊಂಡಿದ್ದೆಯಾ, ಆ ಕ್ಷಣಕ್ಕೆ ಬಂತಾ ಎಂದು ಕೇಳಬೇಕೆಂದಿದ್ದೆ. ಬೇಡ, ಹೇಳಬೇಡ.

ಹೊರಡುವ ಮುಂಚೆ ಎರಿಯಾನ ಹತ್ತಿರ ಹೋಗಿದ್ದೆ. ಎದುರುಬದುರು ಕೂತೆವು. "ಆವತ್ತು ಮಣ್ಣು ಮಾಡೋವಾಗ ನನ್ನ ಹೆಸರು ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ನನ್ನ ಪಾಲು ನಾನು ಹೇಳ್ದೆ. ನಿನ್ನ ಪಾಲು ಹೇಳೋಕೆ ನಾನ್ಯಾರು?" ಎಂದ. ಆಮೇಲೆ, "ನಬುನ್ಯಾ ಆ ಲಾರೀಲಿ ಬಾಯಿ ಬಿಡ್ಲಿಲ್ಲ, ತಿಳ್ಕೋ. ಜಡೆ ಕಿತ್ತು ಬಂದಿದ್ರೂ ಬಿಡ್ತಿರ್ಲಿಲ್ಲ. ಬಿಟ್ಟವನು ನಾನು" ಎಂದ. ನಾನು ಅವನನ್ನು ಕ್ಷಮಿಸಿದೆ ಎಂದು ಬರೆಯಲಾರೆ. ಅವನೂ ನನಗೆ ಹಾಗೇನೂ ಹೇಳಲಿಲ್ಲ. ಅವನ ಮಾಡಿನ ಒಂದು ಮೂಲೆ ಕುಸಿದಿತ್ತು. ಇಬ್ಬರೂ ಸೇರಿ ಹುಲ್ಲು ಹೊದಿಸಿದೆವು. ಬಸ್ಸಿಗೆ ತಡವಾಯಿತು.

ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ತಮ್ಮ ತಾತ ಯಾರು, ಹೇಗೆ ಹೋದರು ಎಂದು ನಾನು ಅವರಿಗೆ ಇದುವರೆಗೆ ಹೇಳಿಲ್ಲ. ಕಾಯಿಲೆ ಎಂದಷ್ಟೇ ಹೇಳಿದ್ದೆ. ಗಡಿ ದಾಟುವ ಮೊದಲೇ, ಬಸ್ಸಿನಲ್ಲಿ, ನಾನು ಆಡಿದ ಮಾತೂ ಸೇರಿ ಎಲ್ಲವನ್ನೂ ಹೇಳುತ್ತೇನೆ. ಹಿರಿಯವಳಿಗೆ ಈಗ ಹದಿನೈದು. ಅವಳು ಮೊದಲು ಏನು ಕೇಳುತ್ತಾಳೋ ನನಗೆ ಗೊತ್ತಿಲ್ಲ. ಕೇಳಲಿ.

ನಿನ್ನ ತಮ್ಮ,
ಮುತ್ಯಾಬಾ